ಹಲ್ಲಿನ ಹಿಂದಿನ ಮನೆ

ಫ್ಲೆಕ್ಸ್ ಕಟ್ಟುವವರು ಬಂದ ಬೆಳಿಗ್ಗೆ ಅತ್ತೆ ಕಿಟಕಿಯ ಪಕ್ಕ ಕೂತು ಒಂದು ಕಪ್ಪು ಕೋಟಿಗೆ ಕಾಜಾ ಹೊಲಿಯುತ್ತಿದ್ದರು. ದರ್ಜಿ ಅಂಗಡಿಗಳಿಂದ ಬಂದ ಕೋಟುಗಳಿಗೆ ಗುಂಡಿ ತೂರಿಸುವ ತೂತು ಕತ್ತರಿಸಿ, ಅದರ ಅಂಚಿಗೆ ಕೈಯಲ್ಲೇ ನೂಲು ಸುತ್ತುವುದು ಅವರ ಕೆಲಸ. ಮೂರನೇ ಮಹಡಿಯ ಆ ಮುಂದಿನ ಕೋಣೆಗೆ ಇರುವುದು ಅದೊಂದೇ ಕಿಟಕಿ. ಮೊದಲು ಹಗ್ಗ ಇಳಿಯಿತು, ಆಮೇಲೆ ಎರಡು ಕಾಲು, ಆಮೇಲೆ ಬಾಯಲ್ಲಿ ತಂತಿ ಕಚ್ಚಿಕೊಂಡ ಒಬ್ಬ ಮನುಷ್ಯ.

"ಏನಪ್ಪಾ, ಬಾಗಿಲು ಆ ಕಡೆ ಇದೆ," ಅಂದರು ಅತ್ತೆ.

"ಜಾಹೀರಾತು ಅಮ್ಮಾ," ಅಂದ ಅವನು, ತಂತಿಯನ್ನು ಬಾಯಿಂದ ತೆಗೆಯದೆ.

ಮಧ್ಯಾಹ್ನದ ಹೊತ್ತಿಗೆ ರಸ್ತೆ, ಎದುರು ಸಾಲಿನ ಅಂಗಡಿಗಳು, ಅವುಗಳ ಮೇಲಿನ ಆಕಾಶ ಎಲ್ಲ ಹೋಗಿ ಕಿಟಕಿಯಾಚೆ ಬೂದು ಬಣ್ಣದ ಗೋಡೆಯೊಂದು ನಿಂತಿತ್ತು. ಕಬ್ಬಿಣದ ಚೌಕಟ್ಟಿಗೆ ಬಿಗಿದ ಫ್ಲೆಕ್ಸಿನ ಹಿಂಬದಿ. ಸರಳುಗಳ ನಡುವೆ ಕೈ ತೂರಿಸಿದರೆ ಮುಟ್ಟುವಷ್ಟು ಹತ್ತಿರ. ಅತ್ತೆ ಕೋಟು ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು, ರಸ್ತೆ ದಾಟಿ ನಿಂತು ಕತ್ತೆತ್ತಿ ನೋಡಿದರು. ಇಡೀ ಕಟ್ಟಡದ ಮುಖದ ಮೇಲೆ ಇನ್ನೊಂದು ಮುಖ ಹಾಕಿದ್ದರು. ಟೂತ್‌ಪೇಸ್ಟ್ ಕಂಪನಿಯ ಹುಡುಗಿಯೊಬ್ಬಳು ಬಾಯ್ತುಂಬ ನಗುತ್ತಿದ್ದಳು. ಅಂದಾಜು ಹಾಕಿ ನೋಡಿದರೆ ತಮ್ಮ ಕಿಟಕಿ ಅವಳ ಮೇಲಿನ ಸಾಲಿನ ಮುಂದಿನ ಹಲ್ಲಿನ ಹಿಂದೆ. ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇದ್ದ ನಿವೃತ್ತ ಮೇಷ್ಟ್ರ ಕಿಟಕಿ ಮೂಗಿನ ಪಕ್ಕಕ್ಕೆ.

ಸಂಜೆ ಸೊಸೆ ಕೆಲಸದಿಂದ ಬಂದವಳು ಒಳಗೆ ಕಾಲಿಟ್ಟವಳೇ ಕುರ್ಚಿಗೆ ಎಡವಿದಳು.

"ಅತ್ತೆ, ನಮ್ಮನೆ ಎಲ್ಲಿ ಹೋಯ್ತು?"

"ಹಲ್ಲಿನ ಸಂದೀಲಿ ಸಿಕ್ಕಿಹಾಕ್ಕೊಂಡಿದೆ. ಒಂದು ಕಡ್ಡಿ ತಗೊಂಡು ಬಾ."

ಅತ್ತೆ ನಗಿಸಲು ಹೇಳಿದ್ದಲ್ಲ. ಕೋಟು ಹಾಗೇ ಮಡಿಸಿಟ್ಟಲ್ಲೇ ಇತ್ತು. ಕಪ್ಪು ಬಟ್ಟೆಗೆ ಕಪ್ಪು ನೂಲು. ಬಲ್ಬು ಹಾಕಿಕೊಂಡು ಕೂತರೆ ಕೈಯ ನೆರಳು ಹೊಲಿಗೆಯ ಮೇಲೇ ಬೀಳುತ್ತಿತ್ತು. ಹಿಂದಿನ ಅಡುಗೆಮನೆಯಲ್ಲಿ ಕಿಟಕಿಯೇನೋ ಇತ್ತು, ಆದರೆ ಅದು ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಇಕ್ಕಟ್ಟು. ಕಂಡವರ ಕೋಟಿಗೆ ಎಣ್ಣೆ ಸಿಡಿದರೆ ಯಾರು ಜವಾಬ್ದಾರಿ?

ಮಾರನೇ ದಿನ ಅತ್ತೆ ಕಟ್ಟಡದ ಓನರಿಗೆ ಫೋನ್ ಮಾಡಿದರು. ಅವನು ಬಹಳ ನಯವಾಗಿ, "ಅದರಲ್ಲಿ ಸಣ್ಣ ಸಣ್ಣ ತೂತುಗಳಿವೆ ಅಮ್ಮಾ. ಬೆಳಕೂ ಬರುತ್ತೆ, ಗಾಳೀನೂ ಬರುತ್ತೆ. ಇನ್ನೇನು ಬೇಕು?" ಅಂದ.

"ನಿಮ್ಮನೆ ಕಿಟಕಿಗೂ ಒಂದು ಕಟ್ಟಿಸಿಕೊಳ್ಳಿ ಮತ್ತೆ," ಅಂದರು ಅತ್ತೆ. ಅಲ್ಲಿಗೆ ಫೋನ್ ಕಟ್ಟಾಯಿತು.

ಮುಂದಿನ ಸಾಲಿನ ಮನೆಗಳವರೆಲ್ಲ ಸೇರಿ ನಗರಸಭೆಗೆ ದೂರು ಕೊಟ್ಟರು. ಬರೆದವರು ಮೇಷ್ಟ್ರು, ಮೊದಲ ಸಹಿ ಅತ್ತೆಯದು. "ನೀವೇ ಮೊದಲು ಹಾಕಿ," ಅಂತ ಮೇಷ್ಟ್ರು ಅತ್ತೆಗೆ ಪೆನ್ನು ಕೊಟ್ಟರು. ಮನೆ ಖಾಲಿ ಮಾಡಿಸಿಬಿಟ್ಟರೆ ಎಂಬ ಭಯ ಅವರಿಗೆ.

ಸೊಸೆಯ ಹೊಟ್ಟೆಪಾಡೂ ಬೆಳಕಿನಿಂದಲೇ. ಅವಳು ಒಂದು ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವವಳು. ಮಾರಾಟದ ಮನೆ, ಬಾಡಿಗೆ ಮನೆಗಳ ವಿಡಿಯೋ ಮಾಡುವುದು ಆ ಸ್ಟುಡಿಯೋದ ಮುಖ್ಯ ಕಸುಬು. ರಸ್ತೆಯಿಂದ ಶುರುಮಾಡಿ ಗೇಟು, ಮೆಟ್ಟಿಲು, ಹಾಲ್, ಮಲಗುವ ಕೋಣೆ, ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ನಡೆದು ತೋರಿಸಬೇಕು. ನಡೆಯುವುದೇನೂ ಕಷ್ಟವಲ್ಲ. ಕಷ್ಟವಿರುವುದು ಬಿಸಿಲಿಂದ ಒಳಗೆ ಕಾಲಿಡುವ ಹೊಸ್ತಿಲಲ್ಲಿ. ಕ್ಯಾಮೆರಾವನ್ನು ಅದರ ಪಾಡಿಗೆ ಆಟೋ ಮೋಡಿನಲ್ಲಿ ಬಿಟ್ಟರೆ ಅದು ತನಗೆ ತೋಚಿದ ಹಾಗೆ ಮಾಡುತ್ತದೆ. ಕಿಟಕಿ ಕಂಡರೆ ಬೆದರಿ ಕೋಣೆಯನ್ನೆಲ್ಲ ಕಪ್ಪಾಗಿಸುತ್ತದೆ, ಗೋಡೆಯ ಕಡೆ ತಿರುಗಿದರೆ ಮತ್ತೆ ಧೈರ್ಯ ಬಂದು ಬೆಳಗಿಸುತ್ತದೆ. ನೋಡುವವರಿಗೆ ಯಾರೋ ಸ್ವಿಚ್ಚಿನ ಜೊತೆ ಆಟವಾಡುತ್ತಿದ್ದಾರೆ ಅನ್ನಿಸುತ್ತದೆ. ಕೈಯಿಂದಲೇ ಸರಿಮಾಡೋಣವೆಂದು ನಡುವೆ ಚಕ್ರ ತಿರುಗಿಸಿದರೆ ಚಿತ್ರ ಟಕ್ ಟಕ್ ಎಂದು ಹಾರುತ್ತದೆ.

ಅವಳು ಹಲವು ವಿಡಿಯೋ ಕೆಡಿಸಿ, ಬೈಸಿಕೊಂಡು, ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಎಷ್ಟು ಬೆಳಕು ತೆಗೆದುಕೊಳ್ಳಬೇಕೆಂಬ ಕ್ಯಾಮೆರಾದ ಅಳತೆಯನ್ನು, ಅಂದರೆ ಎಕ್ಸ್‌ಪೋಷರನ್ನು, ಒಳಗಿನ ಕೋಣೆಗೆ ತಕ್ಕಂತೆ ಬಿಗಿಮಾಡಿ, ಲೆನ್ಸಿನ ಮುಂದೆ ತಿರುಗಿಸುವ ಕಪ್ಪು ಗಾಜಿನ ಫಿಲ್ಟರ್ ಹಾಕಿಕೊಳ್ಳುತ್ತಿದ್ದಳು. ಬಿಸಿಲಲ್ಲಿ ಗಾಜು ದಟ್ಟ. ಹೊಸ್ತಿಲು ಹತ್ತಿರವಾದಂತೆ ಎಡಗೈಯ ಎರಡು ಬೆರಳು ಅದನ್ನು ಮೆಲ್ಲಗೆ ತಿರುಗಿಸಿ ತಿಳಿಯಾಗಿಸುತ್ತಿದ್ದವು. ಹೊರಗಿನ ಬೆಳಕು ಎಲ್ಲಿ ಮುಗಿಯಿತು, ಒಳಗಿನದು ಎಲ್ಲಿ ಶುರುವಾಯಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇದು ಕೆಲಸ ಅಂದ್ರೆ," ಎನ್ನುತ್ತಿದ್ದ ಸ್ಟುಡಿಯೋ ಯಜಮಾನ. "ಕತ್ತಲೆ ಇತ್ತು ಅನ್ನೋದೇ ಗೊತ್ತಾಗಬಾರದು."

ಇಷ್ಟು ದಿನ ಆ ಮಾತನ್ನು ಅವಳು ಹೊಗಳಿಕೆ ಎಂದೇ ತಿಳಿದಿದ್ದಳು.

ನಗರಸಭೆಯಲ್ಲಿ ವಿಚಾರಣೆಗೆ ಕರೆದರು. ಉದ್ದನೆಯ ಮೇಜು, ಗೋಡೆಗೆ ಒಂದು ಟಿವಿ, ಮೇಜಿನ ತುದಿಯಲ್ಲಿ ಅಧಿಕಾರಿ. ಮಾತು ಕಡಿಮೆ, ಬರೆಯುವುದು ಹೆಚ್ಚು ಎನ್ನುವಂಥ ಹೆಂಗಸು. ಅತ್ತೆ, ಮೇಷ್ಟ್ರು ಒಂದು ಕಡೆ ಕೂತರು. ಸೊಸೆ ರಜೆ ಹಾಕಿ ಬಂದಿದ್ದಳು. ಓನರ್ ಒಂದು ಪೆನ್‌ಡ್ರೈವ್ ತಂದಿದ್ದ.

"ಮಾತು ಬೇಡ ಮೇಡಂ. ಕಣ್ಣಾರೆ ನೋಡಿಬಿಡಿ," ಅಂದ.

ಟಿವಿಯಲ್ಲಿ ಎರಡನೇ ಮಹಡಿಯ ಖಾಲಿ ಮನೆ ಬಂತು. ಅದು ಹುಡುಗಿಯ ಕೆಳದುಟಿಯ ಹಿಂದಿನ ಮನೆ. ಬಾಗಿಲು ತೆರೆಯಿತು, ಕೋಣೆ ಬಂತು. ಬೆಳ್ಳಗೆ ಹೊಳೆಯುವ ಗೋಡೆ, ನೆಲದ ಕಲ್ಲಿನ ಗೆರೆ ಗೆರೆಯೂ ಕಾಣುತ್ತಿತ್ತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು.

"ಬೆಳಕಿದೆಯಲ್ಲಮ್ಮಾ," ಅಂದರು.

"ಸುಳ್ಳು," ಅಂದರು ಅತ್ತೆ.

"ವಿಡಿಯೋ ಸುಳ್ಳು ಹೇಳುತ್ತಾ?" ಓನರ್ ನಕ್ಕ.

 ಸೊಸೆ ಟಿವಿಯಲ್ಲಿನ ಆ ಗೋಡೆಯನ್ನೇ ನೋಡುತ್ತಿದ್ದಳು. ಮೂಲೆಗಳಲ್ಲಿ ಬಣ್ಣದ ಸಣ್ಣ ಸಣ್ಣ ಚುಕ್ಕಿಗಳು ಇರುವೆಗಳ ಹಾಗೆ ಗಿಜಿಗುಡುತ್ತಿದ್ದವು. ಬೆಳಕೇ ಇಲ್ಲದ ಕಡೆ ಕ್ಯಾಮೆರಾವನ್ನು ಹಿಂಡಿ ಹಿಂಡಿ ಬೆಳಕು ತೆಗೆದಾಗ ಬರುವ ಚುಕ್ಕಿಗಳವು. ಕ್ಯಾಮೆರಾ ತಿರುಗುವಾಗ ಎಡಕ್ಕೆ ಸಣ್ಣಗೆ ವಾಲುವ ಚಾಳಿಯೂ ಅವಳಿಗೆ ಗೊತ್ತಿದ್ದದ್ದೇ. ಅದು ಅವಳ ಸ್ಟುಡಿಯೋ ಯಜಮಾನನ ಕೈ.

"ಮೇಡಂ, ನಮಗೂ ಒಂದು ವಿಡಿಯೋ ತೋರಿಸೋಕೆ ಅವಕಾಶ ಕೊಡಿ," ಅಂದಳು. ಅಧಿಕಾರಿ ಮುಂದಿನ ವಾರದ ದಿನಾಂಕ ಕೊಟ್ಟರು.

ಅಲ್ಲಿಂದ ನೇರ ಸ್ಟುಡಿಯೋಗೆ ಹೋದಳು. ಯಜಮಾನ ಕಂಪ್ಯೂಟರಿನ ಮುಂದೆ ಟೀ ಕುಡಿಯುತ್ತಿದ್ದ.

"ಸರ್, ನಮ್ಮ ಬಿಲ್ಡಿಂಗಿನ ವಿಡಿಯೋ ನೀವೇ ಮಾಡಿದ್ದಾ?"

"ಗಿರಾಕಿ ಕರೆದರು, ಹೋದೆ. ನಿನಗೆ ಮುಜುಗರ ಆಗಬಾರದು ಅಂತಾನೇ ನಿನ್ನ ಕಳಿಸಲಿಲ್ಲ."

"ಆ ಕೋಣೇಲಿ ಹಗಲು ಹೊತ್ತಲ್ಲಿ ನನ್ನ ಕೈ ನನಗೇ ಕಾಣಲ್ಲ ಸರ್. ನೀವು ಅದನ್ನ ಬಾಲ್ಕನಿ ಮಾಡಿದೀರ."

"ನಾನೇನು ಬಲ್ಬು ಇಟ್ಟೆನಾ? ಲೈಟು ಕಟ್ಟಿದೆನಾ?" ಅವನು ಟೀ ಲೋಟ ಕೆಳಗಿಟ್ಟ. "ಎಕ್ಸ್‌ಪೋಷರ್ ಸ್ವಲ್ಪ ಎತ್ತಿದೆ. ನೀನು ದಿನಾ ಏನು ಮಾಡ್ತೀಯ? ಅದನ್ನೇ ಮಾಡ್ದೆ."

ಅವನು ಹೇಳಿದ್ದು ನಿಜವೇ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ನಾನು ಇನ್ನೊಂದು ವಿಡಿಯೋ ಮಾಡಿ ತೋರಿಸ್ತೀನಿ," ಅಂದಳು.

"ತೋರಿಸು. ಆ ಓನರ್ ನಮಗೆ ವರ್ಷಪೂರ್ತಿ ಕೆಲಸ ಕೊಡೋನು. ತೋರಿಸಿದ ಮೇಲೆ ಇಲ್ಲಿಗೆ ಬರಬೇಡ."

ಮನೆಗೆ ಬಂದವಳೇ ತನ್ನ ಸ್ವಂತ ಕ್ಯಾಮೆರಾ ತೆಗೆದಳು. ಯಾರೋ ಬಳಸಿ ಮಾರಿದ ಹಳೇ ಡಿಎಸ್‌ಎಲ್‌ಆರ್. ಮೈಮೇಲಿನ ರಬ್ಬರು ಅಲ್ಲಲ್ಲಿ ಎದ್ದಿತ್ತು, ಅತ್ತೆ ಅದಕ್ಕೆ ಕೋಟಿನ ಬಟ್ಟೆಯ ಚೂರು ಅಂಟಿಸಿ ಕೊಟ್ಟಿದ್ದರು. ಕೆಳಗಿಳಿದು ರಸ್ತೆಯ ಬಿಸಿಲಿಗೆ ತಕ್ಕಂತೆ ಅಳತೆ ಬಿಗಿಮಾಡಿ, ಏನನ್ನೂ ಬದಲಿಸದೆ ಮೆಟ್ಟಿಲು ಹತ್ತಿ ಒಳಗೆ ಬಂದಳು. ಪರದೆಯ ಮೇಲೆ ರಸ್ತೆ ಚೆನ್ನಾಗಿ ಬಂದಿತ್ತು. ಬಾಗಿಲು ದಾಟಿದ ಮೇಲೆ ಟಾರು ಸುರಿದ ಹಾಗೆ ಕಪ್ಪು. ಏನೂ ಇಲ್ಲ.

ಅವಳ ಗಂಡ ಆಂಬುಲೆನ್ಸ್ ಓಡಿಸುವವನು. ಡ್ಯೂಟಿ ಮುಗಿಸಿ ಬಂದು ಸಮವಸ್ತ್ರದಲ್ಲೇ ಕೂತು ವಿಡಿಯೋ ನೋಡಿದ. ಹೆಚ್ಚು ಮಾತಿನವನಲ್ಲ.

"ಇಷ್ಟು ಕತ್ತಲೆ ಇಲ್ಲವಲ್ಲೇ," ಅಂದ.

"ಇದೆ."

"ಇಲ್ಲ ಕಣೇ. ಅಮ್ಮನ ಕುರ್ಚಿ ನನಗೆ ಕಾಣ್ತಿದೆ. ಇದರಲ್ಲಿ ಅದೂ ಕಾಣಲ್ಲ. ಅವನು ಬೆಳ್ಳಗೆ ಮಾಡಿದ, ನೀನು ಕಪ್ಪು ಬಳಿದಿದೀಯ. ಆ ಮೇಡಂ ಯಾರನ್ನ ನಂಬಬೇಕು?"

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇನ್ನೊಮ್ಮೆ ನೋಡಿದಳು, ಇನ್ನೂ ಒಮ್ಮೆ ನೋಡಿದಳು, ಆಮೇಲೆ ಅಳಿಸಿಹಾಕಿದಳು. ಬಿಸಿಲಿನ ಅಳತೆಯಲ್ಲಿ ತೆಗೆದರೆ ಯಾರ ಮನೆಯ ಒಳಗೂ ಕಪ್ಪೇ. ಓನರಿನ ಮನೆಯೂ ಕಪ್ಪೇ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಅವನದೂ ನಿಜ ಅಲ್ಲ, ನಿನ್ನದೂ ನಿಜ ಅಲ್ಲ. ಹಾಗಾದ್ರೆ ನಿಜವಾದದ್ದು ನಿನ್ನ ಡಬ್ಬೀಲಿ ಬರೋದೇ ಇಲ್ವಾ?"

"ಬರುತ್ತೆ ಅತ್ತೆ. ಒಂದೇ ಅಳತೆ ಇಟ್ಕೊಂಡು ಎರಡನ್ನೂ ತೋರಿಸಬೇಕು. ಫ್ಲೆಕ್ಸ್ ಇರೋವಾಗ ಹೇಗಿದೆ, ಇಲ್ಲದಾಗ ಹೇಗಿದೆ. ನಡುವೆ ನಾನು ಏನನ್ನೂ ಮುಟ್ಟಬಾರದು."

"ಮಾಡು ಮತ್ತೆ."

"ಫ್ಲೆಕ್ಸ್ ಇಲ್ಲದೇ ಇರೋದನ್ನ ಎಲ್ಲಿಂದ ತರಲಿ?"

ಅತ್ತೆ ಕಿಟಕಿಯ ಕಡೆ ನೋಡಿದರು. ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ತಮ್ಮ ದೊಡ್ಡ ಕತ್ತರಿಯ ಕಡೆ ನೋಡಿದರು.

"ಅಮ್ಮಾ," ಅಂದ ಮಗ, ಅವರು ಬಾಯಿ ಬಿಡುವ ಮುಂಚೆಯೇ. "ಪೊಲೀಸ್ ಕೇಸಾಗುತ್ತೆ."

"ಆಗಲಿ. ಠಾಣೇಲಿ ಕಿಟಕಿ ಇರುತ್ತಲ್ಲ."

"ತಮಾಷೆ ಅಲ್ಲಮ್ಮ."

"ನಾನು ತಮಾಷೆ ಮಾಡ್ತಿಲ್ಲ ಕಣೋ. ನನ್ನ ಕಿಟಕಿಗೆ ಬಂದು ಅವನು ಕಟ್ಟಿದಾನೆ. ಅವನ ಕಿಟಕಿಗೆ ಹೋಗಿ ನಾನೇನಾದ್ರೂ ಕತ್ತರಿಸಿದ್ನಾ?"

ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಬ್ಬರ ಮುಖದಲ್ಲೂ ಒಂದೇ ಹಟ. "ಇಬ್ಬರೂ ಒಂದಾದ್ರೆ ಮುಗೀತು," ಎಂದು ಗೊಣಗುತ್ತ ಸ್ನಾನಕ್ಕೆ ಎದ್ದ. ಬಚ್ಚಲಿನ ಬಾಗಿಲಲ್ಲಿ ನಿಂತು, "ಕೆಳಗೆ ಯಾರಿಗೂ ಏಟಾಗದ ಹಾಗೆ ನಾನು ರಸ್ತೇಲಿ ನಿಂತಿರ್ತೀನಿ," ಅಂದ.

ಮಾರನೇ ಬೆಳಿಗ್ಗೆ, ಕಟ್ಟಡದ ಮುಂಭಾಗಕ್ಕೆ ಬಿಸಿಲು ನೇರ ಬೀಳುವ ಹೊತ್ತಿಗೆ, ಅವಳು ಕ್ಯಾಮೆರಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತೆಯನ್ನು ಹಿಂದಿನ ಕಿಟಕಿಯ ಹತ್ತಿರ ನಿಲ್ಲಿಸಿ, ಅವರ ಕೈಗೆ ಆ ಕಪ್ಪು ಕೋಟು ಕೊಟ್ಟಳು. ಯಾವ ಮನೆಗೂ ಬರುವ ಸಾಧಾರಣ ಬೆಳಕು ಅಲ್ಲಿತ್ತು. ಅತ್ತೆಯ ಮುಖ ಕಂಡದ್ದು ಕಂಡ ಹಾಗೆ ಬರುವಂತೆ, ಕೋಟಿನ ನೂಲಿನ ಎಳೆಯೂ ಕಾಣುವಂತೆ ಎಕ್ಸ್‌ಪೋಷರ್ ಹೊಂದಿಸಿದಳು. ಎಲ್ಲವೂ ಕೈಯಳತೆಯಲ್ಲಿ, ಯಾವುದೂ ಆಟೋದಲ್ಲಿಲ್ಲ. ಲೆನ್ಸಿನ ಮುಂದಿದ್ದ ಸ್ಟುಡಿಯೋದ ಫಿಲ್ಟರನ್ನು ಬಿಚ್ಚಿ ಬದಿಗಿಟ್ಟಳು. ಕೆಂಪು ಚುಕ್ಕಿ ಹತ್ತಿತು.

"ಬನ್ನಿ ಅತ್ತೆ."

ಅತ್ತೆ ಕೋಟನ್ನು ಬದಿಗಿಟ್ಟು, ಕತ್ತರಿ ತೆಗೆದುಕೊಂಡು ಮುಂದಿನ ಕೋಣೆಗೆ ನಡೆದರು. ಕ್ಯಾಮೆರಾ ಅವರ ಬೆನ್ನ ಹಿಂದೆ ಹೋಯಿತು. ಹೊಸ್ತಿಲು ದಾಟಿದ್ದೇ ಪರದೆಯ ಮೇಲೆ ಅತ್ತೆ ಮಸುಕಾದರು. ಇನ್ನೊಂದು ಹೆಜ್ಜೆಗೆ ಬರೀ ಆಕಾರವಾದರು. ಅವಳ ಎಡಗೈ ತಾನಾಗಿ ಲೆನ್ಸಿನ ಮುಂದಕ್ಕೆ ಹೋಯಿತು. ಇಷ್ಟು ವರ್ಷ ಕತ್ತಲೆ ಕಂಡ ಕೂಡಲೇ ಅದು ಹಾಗೇ ಹೋಗುತ್ತಿತ್ತು. ಅಲ್ಲಿ ತಿರುಗಿಸಲು ಏನೂ ಇರಲಿಲ್ಲ. ಕೈಯನ್ನು ವಾಪಸ್ಸು ಎಳೆದು ಕ್ಯಾಮೆರಾದ ತಳಕ್ಕೆ ಒತ್ತಿ ಹಿಡಿದಳು.  ಕತ್ತಲಾಗಲಿ ಎಂದು ಬಿಟ್ಟು ನಿಂತದ್ದು ಅವಳ ಕಸುಬಿನಲ್ಲಿ ಅದೇ ಮೊದಲು.

ಕುರ್ಚಿಯ ಒಂದು ಅಂಚು, ಮೇಜಿನ ಮೂಲೆ, ಅಷ್ಟು ಬಿಟ್ಟರೆ ಮಿಕ್ಕದ್ದೆಲ್ಲ ಕಪ್ಪು ಬೂದು. ಅತ್ತೆಯ ಧ್ವನಿ ಮಾತ್ರ ಸ್ಪಷ್ಟವಾಗಿತ್ತು.

"ನಾನು ಈ ಮನೆ ಬಾಡಿಗೆದಾರಳು. ಇದು ನನ್ನ ಕಿಟಕಿ. ಈಗ ತೆಗೀತಾ ಇದೀನಿ."

ಸರಳುಗಳ ನಡುವೆ ಎರಡೂ ಕೈ ತೂರಿಸಿ ಕತ್ತರಿಯ ಮೊನೆಯನ್ನು ಫ್ಲೆಕ್ಸಿಗೆ ಚುಚ್ಚಿದರು. ಗಟ್ಟಿ ಸದ್ದಾಯಿತು. ಮೊದಲು ಸೂಜಿಯಷ್ಟು ಬೆಳಕು ಬಂತು, ಆಮೇಲೆ ಪಟ್ಟಿಯಷ್ಟು. ಕತ್ತರಿ ಕರಕರ ಎಂದು ಮೇಲೇರಿತು. ಬಿಗಿದು ಕಟ್ಟಿದ ಹಾಳೆ ಎಲ್ಲೆಂದರಲ್ಲಿ ಹರಿದುಕೊಳ್ಳುತ್ತದೆ ಎಂದು ಅತ್ತೆಗೆ ಗೊತ್ತಿತ್ತು. ಅದಕ್ಕೇ ಸ್ವಲ್ಪ ಕತ್ತರಿಸಿ, ಸೆರಗಿಗೆ ಚುಚ್ಚಿಕೊಂಡಿದ್ದ ದಪ್ಪ ಸೂಜಿಯಿಂದ ಮೂಲೆಗೆ ನಾಲ್ಕು ಹೊಲಿಗೆ ಬಿಗಿದು, ಮತ್ತೆ ಕತ್ತರಿಸಿದರು. ಗಡಿಬಿಡಿ ಮಾಡಲಿಲ್ಲ. ಗಿರಾಕಿಯ ಕೋಟಿಗೆ ಹಾಕುವಷ್ಟೇ ಅಚ್ಚುಕಟ್ಟಾಗಿ ಆ ಹಲ್ಲಿಗೊಂದು ಕಾಜಾ ಹಾಕಿದರು.

ಕ್ಯಾಮೆರಾದಲ್ಲಿ ಕೋಣೆ ಕತ್ತಲೆಯೊಳಗಿಂದ ಮೇಲೆದ್ದು ಬಂತು. ಮೊದಲು ಅತ್ತೆಯ ಬೆರಳು, ಆಮೇಲೆ ಮೊಣಕೈ, ಕೆನ್ನೆ, ಬಿಳಿಕೂದಲು. ನೂಲಿನ ಉಂಡೆಗಳು ಒಂದೊಂದೇ ಬಣ್ಣ ತಂದುಕೊಂಡವು. ಕೊನೆಯ ತುಂಡು ಕಳಚಿದಾಗ ಗೋಡೆಯ ಮೇಲಿನ ಹಳೇ ಬಿರುಕೂ ಕಂಡಿತು. ಅತ್ತೆ ತಿರುಗಿ, ಬೆವರು ಒರೆಸಿಕೊಂಡು, ನೇರ ಲೆನ್ಸಿನೊಳಗೆ ನೋಡಿದರು. ಅಡುಗೆಮನೆಯಲ್ಲಿ ಹೇಗೆ ಕಂಡಿದ್ದರೋ ಹಾಗೇ ಕಂಡರು.

ಕೆಳಗೆ ರಸ್ತೆಯಲ್ಲಿ ಯಾರೋ ಹೋ ಎಂದರು. ಬೀಳುತ್ತಿದ್ದ ಬಿಳಿ ತುಂಡನ್ನು ಮಗ ಎರಡೂ ಕೈಚಾಚಿ ಹಿಡಿದುಕೊಂಡಿದ್ದ. ಮೇಲೆ ನೋಡಿದವರೆಲ್ಲ ನಗತೊಡಗಿದರು. ನಗುವ ಹುಡುಗಿಯ ಮುಂದಿನ ಹಲ್ಲಿನ ನಟ್ಟನಡುವೆ ಕರ್ರಗೆ ಒಂದು ತೂತು.

"ಏನ್ರೀ ಇದು, ಟೂತ್‌ಪೇಸ್ಟ್ ಹುಡುಗಿಗೇ ಹುಳುಕು ಹಲ್ಲು!" ಎಂದಿತು ಒಂದು ಹೆಂಗಸಿನ ಧ್ವನಿ.

ಎರಡನೇ ವಿಚಾರಣೆಗೆ ಓನರ್ ಪೊಲೀಸ್ ದೂರಿನ ಪ್ರತಿ ಹಿಡಿದೇ ಬಂದ. ಸ್ಟುಡಿಯೋ ಯಜಮಾನನನ್ನೂ ಕರೆತಂದಿದ್ದ, ತಿಳಿದವನು ಹೇಳಲಿ ಎಂದು. ಟಿವಿಯಲ್ಲಿ ಸೊಸೆಯ ವಿಡಿಯೋ ಓಡಿತು. ಕೋಣೆ ಕತ್ತಲಾದದ್ದೇ ಓನರ್ ಮೇಜು ತಟ್ಟಿದ.

"ನೋಡಿ ಮೇಡಂ, ಇವಳೇ ಕತ್ತಲೆ ಮಾಡಿದಾಳೆ. ಕ್ಯಾಮೆರಾದವಳು, ಇದೆಲ್ಲ ಇವಳಿಗೆ ನೀರು ಕುಡಿದಷ್ಟು ಸುಲಭ."

"ಸುಲಭಾನೇ ಸರ್," ಅಂದಳು ಸೊಸೆ. ಎದ್ದು ನಿಂತಿದ್ದಳು. "ಕತ್ತಲೆ ಮಾಡೋದೂ ಸುಲಭ, ಬೆಳಕು ಮಾಡೋದೂ ಸುಲಭ. ಅದಕ್ಕೇ ನಾನು ಎರಡನ್ನೂ ಮಾಡಲಿಲ್ಲ. ಮೇಡಂ, ಶುರುವಲ್ಲಿ ಅಡುಗೆಮನೆ ನೋಡಿ. ಕೊನೇಲಿ ಮುಂದಿನ ಕೋಣೆ ನೋಡಿ. ಎರಡೂ ಸರಿಯಾಗಿದೆ ಅಲ್ವಾ? ಅಳತೆ ಒಂದೇ. ಎಲ್ಲೂ ಕತ್ತರಿಸಿಲ್ಲ, ಎಲ್ಲೂ ಮುಟ್ಟಿಲ್ಲ. ನಡುವೆ ಕತ್ತಲೆ ಇದ್ದದ್ದು ಕ್ಯಾಮೆರಾದಿಂದಾಗಿದ್ರೆ, ಫ್ಲೆಕ್ಸ್ ಕತ್ತರಿಸಿದ ತಕ್ಷಣ ಬೆಳಕು ಹೇಗೆ ಬಂತು?"

ಅಧಿಕಾರಿ ಮತ್ತೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಸ್ಟುಡಿಯೋ ಯಜಮಾನನ ಕಡೆ ತಿರುಗಿದರು.

"ನಿಮ್ಮ ವಿಡಿಯೋದಲ್ಲಿ ಅಳತೆ ಎಷ್ಟಿತ್ತು?"

"ಅದು... ಆಟೋದಲ್ಲಿತ್ತು ಮೇಡಂ."

"ಎತ್ತಿದೆ ಅಂದಿರಲ್ಲ ಸರ್ ನನ್ನ ಹತ್ರ," ಅಂದಳು ಸೊಸೆ.

ಅವನು ಅವಳತ್ತ ನೋಡಲಿಲ್ಲ. "ನಾಳೆಯಿಂದ ಬರಬೇಡ," ಅಂದ ಕೆಳದನಿಯಲ್ಲಿ, ಮೇಜಿಗೆ ಹೇಳುವವನ ಹಾಗೆ.

"ಬರಲ್ಲ. ನಿಮ್ಮ ಫಿಲ್ಟರ್ ಇಲ್ಲೇ ಇದೆ, ತಗೊಳ್ಳಿ." ಚೀಲದಿಂದ ತೆಗೆದು ಅವನ ಮುಂದೆ ಇಟ್ಟಳು.

ಓನರ್ ಪೊಲೀಸ್ ದೂರನ್ನು ಮುಂದೆ ತಳ್ಳಿದ. ಅಧಿಕಾರಿ ಅದನ್ನು ಓದಿ ಅತ್ತೆಯನ್ನು ಕೇಳಿದರು.

"ಕತ್ತರಿಸಿದ್ದು ನೀವೇನಾ?"

ಮೇಷ್ಟ್ರು ಅತ್ತೆಯ ತೋಳು ಮುಟ್ಟಿ, ವಕೀಲರನ್ನು ಕೇಳಿ ಹೇಳಿ ಎಂದು ಪಿಸುಗುಟ್ಟಿದರು.

"ನಾನೇ," ಅಂದರು ಅತ್ತೆ. "ಯಾರೋ ಅಂತ ಆಮೇಲೆ ಅನುಮಾನ ಬರಬಾರದು ಅಂತಾನೇ ಕ್ಯಾಮೆರಾ ಕಡೆ ತಿರುಗಿದ್ದು."

ಅಧಿಕಾರಿಯ ತುಟಿಯಂಚು ಸ್ವಲ್ಪ ಅಲುಗಿತು. ಆದರೆ ಅವರು ನಗಲಿಲ್ಲ. ಸ್ಥಳಕ್ಕೆ ತಾವೇ ಬಂದು ನೋಡುವುದಾಗಿ ಬರೆದುಕೊಂಡರು. ಹಾಳೆ ಕತ್ತರಿಸಿದ್ದು ತಪ್ಪು, ಅದು ಬೇರೆ ವಿಚಾರ, ಅದನ್ನು ಪೊಲೀಸರು ನೋಡಿಕೊಳ್ಳುತ್ತಾರೆ ಎಂದೂ ಹೇಳಿದರು.

"ನೋಡಿಕೊಳ್ಳಲಿ," ಅಂದರು ಅತ್ತೆ.

ಅಧಿಕಾರಿ ಬರುವ ಮುಂಚೆಯೇ ಇನ್ನೊಂದು ನಡೆಯಿತು. ಒಂದು ಬೆಳಿಗ್ಗೆ ಹುಡುಗಿಯ ಮೂಗಿನ ಪಕ್ಕ ಮೂರನೇ ಹೊಳ್ಳೆಯೊಂದು ಮೂಡಿತ್ತು. ಗಡ್ಡ ಹೆರೆಯುವ ಬ್ಲೇಡಿನಿಂದ ಕೊರೆದದ್ದು, ಅಂಚೆಲ್ಲ ಅಂಕುಡೊಂಕು. ಅತ್ತೆ ಮೇಲೆ ಹೋಗಿ ನೋಡಿದಾಗ ಮೇಷ್ಟ್ರು ಬೆಳಕಿನಲ್ಲಿ ಪೇಪರ್ ಹರಡಿಕೊಂಡು ಕೂತಿದ್ದರು. ಬೆರಳಿಗೆ ಬಟ್ಟೆ ಸುತ್ತಿತ್ತು.

"ಕೈ ಕುಯ್ದುಕೊಂಡ್ರಾ ಮೇಷ್ಟ್ರೇ?"

"ಸ್ವಲ್ಪ," ಅಂದರು. ಮುಖ ಮಾತ್ರ ಪಂದ್ಯ ಗೆದ್ದು ಬಂದವರ ಮುಖ. "ನನ್ನದನ್ನೂ ವಿಡಿಯೋ ಮಾಡಬೇಕಿತ್ತಾ? ನಾನು ಯಾರನ್ನೂ ಕೇಳದೆ ಮಾಡಿಬಿಟ್ಟೆ."

ಅವರ ಬೆನ್ನಿಗೇ ಪಕ್ಕದ ಮನೆಯವರು, ಅವರ ಪಕ್ಕದವರು. ವಾರ ಕಳೆಯುವುದರಲ್ಲಿ ಆ ನಗುವಿನಲ್ಲಿ ಹಲ್ಲಿಗಿಂತ ತೂತೇ ಹೆಚ್ಚಾಯಿತು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ಫೋಟೋ ತೆಗೆಯತೊಡಗಿದರು. ಟೂತ್‌ಪೇಸ್ಟ್ ಕಂಪನಿಯವರು ಕಾರಿನಲ್ಲಿ ಬಂದು, ಇಳಿಯದೆಯೇ ನೋಡಿ ಹೋದರು. ಮರುದಿನ ಅದೇ ಹಗ್ಗದ ಮನುಷ್ಯ ಕಿಟಕಿಯ ಮುಂದೆ ಇಳಿದ. ಈ ಸಲ ಬಿಚ್ಚಲು. ಅಧಿಕಾರಿ ಸ್ಥಳಕ್ಕೆ ಬಂದಾಗ ಖಾಲಿ ಚೌಕಟ್ಟು ಮಾತ್ರ ಇತ್ತು. ಅವರು ಸುಮ್ಮನೆ ಹೋಗಲಿಲ್ಲ. ವಾಸದ ಕಿಟಕಿಗಳ ಮುಂದೆ ಇನ್ನು ಯಾವ ಹಾಳೆಯನ್ನೂ ಕಟ್ಟಕೂಡದು, ಚೌಕಟ್ಟನ್ನೂ ತೆಗೆಯಬೇಕು ಎಂದು ಆದೇಶ ಬರೆದರು.

ಗೆದ್ದದ್ದು ಅಲ್ಲಿಗೆ. ಸೋತದ್ದೂ ಇತ್ತು. ಸೊಸೆಗೆ ಕೆಲಸ ಹೋಗಿತ್ತು. ಬೇರೆ ಸ್ಟುಡಿಯೋಗಳಲ್ಲಿ ಕೇಳಿದರೆ, "ನೀನೇ ಅಲ್ವಾ ಆ ಹಲ್ಲಿನವಳು?" ಎಂದು ನಕ್ಕು, ಚಹಾ ಕೊಟ್ಟು ಕಳಿಸುತ್ತಿದ್ದರು. ಅತ್ತೆ ಎರಡು ಸಲ ಠಾಣೆಗೆ ಹೋಗಿಬರಬೇಕಾಯಿತು. ಒಂದು ಮಧ್ಯಾಹ್ನ ಓನರೇ ಮೆಟ್ಟಿಲು ಹತ್ತಿ ಬಂದ, ಕೈಯಲ್ಲಿ ಮನೆ ಖಾಲಿ ಮಾಡಿ ಎಂಬ ನೋಟೀಸು. ಫೋನಿನಲ್ಲಿದ್ದ ನಯ ಈಗಿರಲಿಲ್ಲ.

"ತಿಂಗಳಲ್ಲಿ ಜಾಗ ಬಿಡಬೇಕು. ನಿಮ್ಮಂಥೋರು ನನಗೆ ಬೇಡ."

ಅತ್ತೆ ಕೂತಲ್ಲಿಂದ ಏಳಲಿಲ್ಲ. ಸೂಜಿಗೆ ನೂಲು ಪೋಣಿಸುತ್ತಿದ್ದವರು ಪೋಣಿಸಿ ಮುಗಿಸಿ ಆಮೇಲೆ ತಲೆಯೆತ್ತಿದರು.

"ಕಾರಣ ಏನಂತ ಬರೆದಿದೀರ?"

"ಸ್ವಂತಕ್ಕೆ ಬೇಕು ಅಂತ."

"ಹಾಗಂತ ಬಾಯಲ್ಲೂ ಹೇಳಿ."

ಆಗಲೇ ಅವನ ಗಮನಕ್ಕೆ ಬಂದದ್ದು. ಸೊಸೆ ಟ್ರೈಪಾಡನ್ನು ಎಳೆದು ಬಾಗಿಲಿಗೆ ಎದುರಾಗಿ ನಿಲ್ಲಿಸುತ್ತಿದ್ದಳು. ಕೆಂಪು ಚುಕ್ಕಿ ಹತ್ತಿತ್ತು.

"ಅದನ್ನ ಆರಿಸಮ್ಮ."

"ನಮ್ಮ ಮನೆಯೊಳಗೆ ನಮ್ಮ ಕ್ಯಾಮೆರಾ ಸರ್. ನೀವು ಹೇಳಿ. ಸ್ವಂತಕ್ಕೆ ಬೇಕು ಅಂತಿದ್ರಿ."

ಹೊರಗೆ ಮೋಡ ಕವಿದು ಕೋಣೆ ಸ್ವಲ್ಪ ಮಬ್ಬಾಯಿತು. ಅವಳು ಪರದೆಗೆ ಬಗ್ಗಿ ನೋಡಿ, ಅವನು ಅಸ್ಪಷ್ಟವಾಗದಂತೆ ಎಕ್ಸ್‌ಪೋಷರನ್ನು ಒಂದು ಗೆರೆ ಎತ್ತಿದಳು. ಚಿತ್ರ ಟಕ್ ಎಂದು ಹಾರಿತು. ಹಾರಿದರೆ ಹಾರಲಿ ಎಂದುಕೊಂಡಳು.

ಓನರ್ ಕ್ಯಾಮೆರಾದಿಂದ ಮುಖ ತಿರುಗಿಸಿದ. "ವಕೀಲರು ಮಾತಾಡ್ತಾರೆ," ಎಂದು ನೋಟೀಸನ್ನು ಮೇಜಿನ ಮೇಲೆ ಎಸೆದು ಇಳಿದುಹೋದ.

ವಕೀಲರು ಮಾತಾಡಿದರು. ಇವರ ಕಡೆಗೂ ಒಬ್ಬ ವಕೀಲೆ ಸಿಕ್ಕಿದಳು. ಸಾಮಾನು ಸಾಗಿಸುವ ಗಾಡಿ ಇವತ್ತಿನವರೆಗೂ ಆ ಕಟ್ಟಡದ ಮುಂದೆ ಬಂದು ನಿಂತಿಲ್ಲ. ಸೊಸೆ ಈಗ ಯಾರ ಕೈಕೆಳಗೂ ಇಲ್ಲ. ಕಿಟಕಿಯ ಮುಂದೆ ಗೋಡೆ ಎದ್ದು ಗಾಳಿ ನಿಂತುಹೋದವರು, ಹೊಗೆ ಕೊಳವೆಯ ಕೆಳಗೆ ಮಕ್ಕಳನ್ನು ಮಲಗಿಸುವವರು ತಮ್ಮ ದೂರಿಗೆ ವಿಡಿಯೋ ಮಾಡಿಕೊಡಲು ಅವಳನ್ನು ಕರೆಯುತ್ತಾರೆ. ಕೆಲವರು ಕೊಟ್ಟಷ್ಟು ಕೊಡುತ್ತಾರೆ, ಕೆಲವರು ಊಟಕ್ಕೆ ಕೂರಿಸುತ್ತಾರೆ. ಸ್ಟುಡಿಯೋದವನು ಈಚೆಗೆ ಒಮ್ಮೆ ಫೋನ್ ಮಾಡಿದ್ದ. ದೊಡ್ಡದೊಂದು ಮನೆ ಇದೆಯಂತೆ, ಆ ಒಂದೇ ಓಟದ ನಡಿಗೆ ಅವಳ ಹಾಗೆ ಬೇರೆ ಯಾರಿಗೂ ಬರುತ್ತಿಲ್ಲವಂತೆ.

ಫೋನು ಎತ್ತಿದ್ದು ಅತ್ತೆ. "ಅವಳು ಕೆಲಸದ ಮೇಲೆ ಹೋಗಿದಾಳೆ," ಅಂದರು. "ನಿಮ್ಮ ಕೆಲಸ ಏನು ಅಂತ ವಿವರವಾಗಿ ಹೇಳಿ. ಮಾಡಬೇಕೋ ಬೇಡವೋ ನಾವು ಕೂತು ಮಾತಾಡಿಕೊಳ್ತೀವಿ."